ಬೆಳಕಿಲ್ಲದ ಗುಹೆಯಲ್ಲಿ ಹೊತ್ತು ಗೊತ್ತಾಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಭಾನುವಾರದ ಸಂಜೆ ಪುಣೆಯ ಟ್ರಾಫಿಕ್ ದಾಟಿಕೊಂಡು ಬಾವಲಿಗಳ ಬಗ್ಗೆ ಕೇಳಲು ಇಷ್ಟು ಕನ್ನಡಿಗರು ಬಂದಿದ್ದೀರಿ. ತುಂಬ ಖುಷಿಯಾಗುತ್ತಿದೆ.

ಬಾವಲಿ ಅಂದ ಕೂಡಲೇ ನಮಗೆ ನೆನಪಾಗುವುದು ಆಲದ ಮರದಲ್ಲಿ ಜೋತುಬಿದ್ದ ದೊಡ್ಡ ಬಾವಲಿ, ಹಣ್ಣು ತಿನ್ನುವಂಥದ್ದು. ಇವತ್ತು ಅದರ ಮಾತಲ್ಲ. ನಾನು ಹೇಳಹೊರಟಿರುವುದು ಎಲೆಮೂಗಿನ ಬಾವಲಿಗಳ ವಿಷಯ. ವಿಜ್ಞಾನಿಗಳು ಈ ಕುಟುಂಬವನ್ನು ಹಿಪ್ಪೊಸಿಡೆರಿಡೆ ಎನ್ನುತ್ತಾರೆ. ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಬಿಸಿ ನಾಡುಗಳಲ್ಲೆಲ್ಲ ಇವು ಇವೆ. ಊಟ ಬರೀ ಹುಳುಹುಪ್ಪಟೆ. ಮನೆ ಹೆಚ್ಚಾಗಿ ಗುಹೆ, ಇಲ್ಲವೇ ಪಾಳು ಕೋಟೆ, ಹಳೇ ಸುರಂಗ. ಇವುಗಳಲ್ಲಿ ಫಲ್ವಸ್ ಎಂಬ ಜಾತಿಯದ್ದು ಎಂಟೊಂಬತ್ತು ಗ್ರಾಂ ತೂಗಿದರೆ ಜಾಸ್ತಿ. ಧಾರವಾಡದವರು ಇಲ್ಲಿ ಯಾರಾದರೂ ಇದ್ದೀರಾ? 1838ರಲ್ಲಿ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಜಾನ್ ಎಡ್ವರ್ಡ್ ಗ್ರೇ ಈ ಜಾತಿಯನ್ನು ಮೊದಲು ವಿವರಿಸಿದ್ದು ನಿಮ್ಮೂರಿನ ಬಾವಲಿಯನ್ನು ನೋಡಿಯೇ.

ಇವುಗಳ ಮೂಗಿನ ಮೇಲೆ ಚರ್ಮದ ಮಡಿಕೆಗಳಿರುತ್ತವೆ. ನೋಡಲು ವಿಚಿತ್ರ, ಆದರೆ ಅದಕ್ಕೆ ಕೆಲಸವಿದೆ. ಇವು ಕೂಗುವುದು ಬಾಯಿಂದಲ್ಲ, ಮೂಗಿನಿಂದ. ಆ ಮಡಿಕೆಗಳು ದನಿಯನ್ನು ಮುಂದಕ್ಕೆ ಗುರಿಯಿಟ್ಟು ಕಳಿಸುತ್ತವೆ. ದನಿ ಎಷ್ಟು ಏರಿದೆ ಎಂದು ಅಳೆಯುವುದು ಕಿಲೋಹರ್ಟ್ಸ್‌ನಲ್ಲಿ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್. ಫಲ್ವಸ್ ಕೂಗುವುದು ಸುಮಾರು 150ರಲ್ಲಿ. ಒಂದೇ ಸ್ವರ ಹಿಡಿದು ಕೂಗಿ, ಕೊನೆಯಲ್ಲಿ ಚೂರು ಕೆಳಗಿಳಿಸುತ್ತವೆ. ಎಲೆಗಳ ನಡುವೆ ಚಿಟ್ಟೆಯೊಂದು ರೆಕ್ಕೆ ಬಡಿದರೆ, ಮರಳಿ ಬರುವ ಆ ಸ್ವರ ನಡುಗುತ್ತದೆ. ಆ ನಡುಕವೇ ಊಟದ ಸುಳಿವು. ರೆಕ್ಕೆ ಅಲುಗಿಸದೆ ಸುಮ್ನೆ ಕೂತ ಹುಳುವಿಗೆ ಬದುಕಿಕೊಳ್ಳುವ ಅವಕಾಶ ಜಾಸ್ತಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿಗೆ ಬರುತ್ತೇನೆ. ಗುಹೆಯ ಒಳಗಿನ ಮೂಲೆಯಲ್ಲಿ ಹಗಲೂ ಒಂದೇ, ರಾತ್ರಿಯೂ ಒಂದೇ. ಬೆಳಕು ಬರುವುದಿಲ್ಲ, ಸೆಕೆಯೂ ಹೆಚ್ಚುಕಡಿಮೆ ಆಗುವುದಿಲ್ಲ. ಹಾಗಿದ್ದರೆ ಹೊರಗೆ ಸಂಜೆಯಾಯಿತು ಎಂದು ಒಳಗಿನ ಬಾವಲಿಗೆ ಹೇಗೆ ಗೊತ್ತಾಗಬೇಕು?

ಮಧುರೈ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಎಂ. ಕೆ. ಚಂದ್ರಶೇಖರನ್, ಜಿ. ಮಾರಿಮುತ್ತು ಮತ್ತು ಸಂಗಡಿಗರು ಇದನ್ನೇ ಕೇಳಿಕೊಂಡರು. ಅವರು ಆರಿಸಿಕೊಂಡದ್ದು ಇದೇ ಕುಟುಂಬದ ಸ್ಪಿಯೋರಿಸ್ ಜಾತಿ. ಕತ್ತಲ ಗುಹೆಯೊಳಗೆ ಒಂದು ಬಾವಲಿಯನ್ನು ಪಂಜರದಲ್ಲಿಟ್ಟು, ಅದು ಯಾವ ಹೊತ್ತಿಗೆ ಹಾರಾಡುತ್ತದೆ ಎಂದು ದಾಖಲಿಸಿದರು. ಅದಕ್ಕೆ ಬೆಳಕು ಕಾಣಿಸುತ್ತಿರಲಿಲ್ಲ. ಆದರೆ ಸುತ್ತಲಿನ ಗುಂಪು ಸಂಜೆ ಹೊರಟು ಬೆಳಗ್ಗೆ ಮರಳುತ್ತಿತ್ತು. ಪಂಜರದ ಬಾವಲಿಯೂ ಅದೇ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಗುಂಪಿಲ್ಲದ ಕಡೆ ಒಂಟಿಯಾಗಿ ಇಟ್ಟಾಗ ಅದರ ದಿನಚರಿ 24 ಗಂಟೆಯ ಲೆಕ್ಕ ಬಿಟ್ಟು ದಿನದಿಂದ ದಿನಕ್ಕೆ ಜಾರತೊಡಗಿತು. 1981ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನಮ್ಮ ದೇಶದ ಗುಹೆಯಲ್ಲಿ, ನಮ್ಮವರೇ ಮಾಡಿದ ಇಂಥ ಚೆಂದದ ಪ್ರಯೋಗ ಶಾಲೆಯ ಪಾಠದಲ್ಲಿ ಇರಬೇಕು ಎಂಬುದು ನನ್ನ ಆಸೆ.

ಗುಂಪಿಗೆ ಹೊತ್ತು ತಿಳಿಯುವುದು ಹೇಗೆ ಅಂತ ನೀವು ಕೇಳಬಹುದು. ಸಂಜೆ ಹತ್ತಿರವಾದಾಗ ಬಾವಲಿಗಳು ಗುಹೆಯ ಬಾಯಿಯ ತನಕ ಹಾರಿ ಬಂದು, ಇನ್ನೂ ಬೆಳಕಿದೆಯಾ ಎಂದು ನೋಡಿ ಒಳಗೆ ಹೋಗುತ್ತವೆ. ಮತ್ತೆ ಬರುತ್ತವೆ. ಸಾಕಷ್ಟು ಕತ್ತಲಾದ ಮೇಲೆಯೇ ಹೊರಡುವುದು. ಅಂದರೆ ಒಂದು ಬಾವಲಿಯ ಗಡಿಯಾರ ಅದರ ಮೈಯೊಳಗಿದ್ದರೂ, ಅದನ್ನು ದಿನಾ ತಿದ್ದುವುದು ಜೊತೆಗಾರರು. ಹಾಗಾಗಿ ಗುಂಪು ಚದುರಿಹೋದರೆ ಈ ಜೀವ ಬರೀ ಜೊತೆಯನ್ನಲ್ಲ, ಹೊತ್ತಿನ ಲೆಕ್ಕವನ್ನೂ ಕಳೆದುಕೊಳ್ಳುತ್ತದೆ.

ಇನ್ನೊಂದು ತೊಂದರೆ ಇದೆ. ಇಷ್ಟು ಸಣ್ಣ ಪ್ರಾಣಿ ಇಲಿಯಂತೆ ಸರಸರ ಮರಿ ಹಾಕುತ್ತದೆ ಎಂದುಕೊಂಡರೆ ತಪ್ಪು. ಒಂದು ಬಸಿರಿಗೆ ಒಂದೇ ಮರಿ. ತಾಯಿಯ ಕಿಬ್ಬೊಟ್ಟೆಯ ಬಳಿ ಹಾಲಿಲ್ಲದ ಎರಡು ತೊಟ್ಟುಗಳಿರುತ್ತವೆ. ಮರಿ ಅವನ್ನು ಕಚ್ಚಿ ಹಿಡಿದು ತಾಯಿಗೆ ಅಂಟಿಕೊಂಡಿರುತ್ತದೆ. ಗಾಬರಿಯಲ್ಲಿ ಗುಂಪು ಎದ್ದು ಹಾರಿದಾಗ ಮರಿ ಕೆಳಗೆ ಬಿದ್ದರೆ, ಆ ತಾಯಿಯ ಆ ಸಲದ ಸಂತಾನ ಅಲ್ಲಿಗೇ ಮುಗಿಯಿತು.

ಕೋಲಾರದ ಎಲೆಮೂಗಿನ ಬಾವಲಿಯನ್ನು ನೋಡಿ. 1994ರಲ್ಲಿ ಜರ್ಮನಿಯ ಡೀಟರ್ ಕಾಕ್ ಜೊತೆ ಸೇರಿ ಇದಕ್ಕೆ ಹೈಪೊಫಿಲಸ್ ಎಂದು ಹೆಸರಿಟ್ಟವರು ಎಚ್. ಆರ್. ಭಟ್. ಅವರು ಇದೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿದ್ದವರು. ಜಗತ್ತಿನಲ್ಲಿ ಇದು ಈಗ ಉಳಿದಿರುವುದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ. 2016ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಇದನ್ನು ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಆಗಿನ ಅಂದಾಜು 200ಕ್ಕಿಂತ ಕಡಿಮೆ. ಸುತ್ತ ಗ್ರಾನೈಟ್ ಬಂಡೆಗಳು. ಬಂಡೆ ಸಿಡಿಸಿ ಕಲ್ಲು ತೆಗೆಯುವುದೇ ಇದಕ್ಕೆ ಬಂದ ದೊಡ್ಡ ಕುತ್ತು. ಹುಲಿಗೆ ಒಂದು ಕಾಡು ಹೋದರೆ ಇನ್ನೊಂದು ಕಾಡಿರಬಹುದು. ಇದಕ್ಕೆ ಆ ಬಂಡೆ ಬಿಟ್ಟರೆ ಬೇರೆ ಊರೇ ಇಲ್ಲ.

ಬಾವಲಿಯಿಂದ ರೋಗ ಬರುವುದಿಲ್ಲವೇ ಎಂದು ಇಲ್ಲಿ ಹಲವರು ಕೇಳುತ್ತಾರೆ. ಮಹಾಬಳೇಶ್ವರದ ಗುಹೆಯ ಬಾವಲಿಗಳಲ್ಲಿ ನಿಪಾ ವೈರಸ್ಸಿನ ಗುರುತು ಸಿಕ್ಕಿತೆಂದು 2021ರಲ್ಲಿ ಸುದ್ದಿಯಾದದ್ದು ನಿಮಗೆ ನೆನಪಿರಬಹುದು. ಆ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಹೊಗೆ ಹಾಕಿ ಓಡಿಸುವುದು ಪರಿಹಾರವಲ್ಲ. ಓಡಿಸಿದರೆ ಅವು ಎಲ್ಲೆಂದರಲ್ಲಿ ಚದುರಿ ಇನ್ನಷ್ಟು ಜನರ ಹತ್ತಿರ ಬರುತ್ತವೆ. ಮುಟ್ಟಬೇಡಿ, ಅವು ಮಲಗುವ ಕಡೆ ಹೋಗಬೇಡಿ. ನಮಗೂ ಒಳ್ಳೆಯದು, ಅವಕ್ಕೂ ಒಳ್ಳೆಯದು, ಅಲ್ವಾ?

ಮಳೆಗಾಲದಲ್ಲಿ ಭಾಜೆಯ ಗುಹೆಗಳಿಗೋ ಕಾರ್ಲೆಯ ಗುಹೆಗಳಿಗೋ ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಿ. ನಮ್ಮ ಈ ಬಸಾಲ್ಟ್ ಬೆಟ್ಟಗಳಲ್ಲಿ ತಾನಾಗಿ ಆದ ದೊಡ್ಡ ಗುಹೆಗಳು ಕಡಿಮೆ, ಮನುಷ್ಯರು ಕೊರೆದವೇ ಹೆಚ್ಚು. ಒಳಗಿನ ಕತ್ತಲ ಕೋಣೆಯಲ್ಲಿ ಬಾವಲಿ ಕಂಡರೆ ಟಾರ್ಚನ್ನು ನೆಲಕ್ಕೆ ತಿರುಗಿಸಿ, ಫ್ಲ್ಯಾಶ್ ಹಾಕಬೇಡಿ, ಮಕ್ಕಳಿಗೆ ಕೂಗದಂತೆ ಹೇಳಿ ಹೊರಗೆ ಬನ್ನಿ. ಕೋಲಾರದ ಕಡೆಯವರು ಇದ್ದರೆ ಊರಿಗೆ ಫೋನ್ ಮಾಡಿದಾಗ ಹನುಮನಹಳ್ಳಿಯ ಬಂಡೆಯ ಸುದ್ದಿ ಒಮ್ಮೆ ಕೇಳಿ. ಅಲ್ಲಿ ಮತ್ತೆ ಕಲ್ಲು ಒಡೆಯುವ ಕೆಲಸ ಶುರುವಾಗಿದ್ದರೆ ಅರಣ್ಯ ಇಲಾಖೆಗೆ ಪತ್ರ ಬರೆಯಿರಿ, ಊರಿನವರಿಂದಲೂ ಬರೆಸಿ.