ಸ್ಟೆಪ್ನಿಯ ಗಲ್ಲಿಗಳಿಂದ ಬಂದ ಪ್ರಧಾನಿ

ನಮಸ್ಕಾರ. ನೀವೀಗ ನೋಡುತ್ತಿರುವುದು ಪೂರ್ವ ಲಂಡನ್ನಿನ ಮೈಲ್ ಎಂಡ್ ರಸ್ತೆ. ಇಲ್ಲಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ಈ ಕಂಚಿನ ಪ್ರತಿಮೆ ಕ್ಲೆಮೆಂಟ್ ಅಟ್ಲಿ ಅವರದು. ಪಾರ್ಲಿಮೆಂಟ್ ಚೌಕದ ಚರ್ಚಿಲ್ ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳಲು ಜನ ಮುಗಿಬೀಳುತ್ತಾರೆ. ಅದೇ ಚರ್ಚಿಲ್ ಅವರನ್ನು ಸೋಲಿಸಿದವರನ್ನು ಹುಡುಕಿಕೊಂಡು ಇಷ್ಟು ದೂರ ಬರುವವರು ಕಡಿಮೆ. ಬ್ರಿಟನ್ನಿನ ಮಾಜಿ ಪ್ರಧಾನಿಗಳ ಪೈಕಿ ನನಗೆ ಅತಿ ಹೆಚ್ಚು ಗೌರವ ಇರುವುದು ಇವರ ಮೇಲೆ. ತಕರಾರು ಇರುವುದೂ ಇವರ ಮೇಲೆಯೇ.

ಪೀಪಲ್ಸ್ ಪ್ಯಾಲೆಸ್ ಎಂಬ ಈ ಕಟ್ಟಡವನ್ನು ಗಮನಿಸಿ. 1945ರ ಚುನಾವಣೆಯಲ್ಲಿ ಅಟ್ಲಿ ಸ್ಪರ್ಧಿಸಿದ್ದ ಲೈಮ್‌ಹೌಸ್ ಕ್ಷೇತ್ರದ ಮತ ಎಣಿಕೆ ನಡೆದದ್ದು ಇಲ್ಲಿ. ಜುಲೈ 5ರಂದು ಮತದಾನವಾದರೂ ಹೊರದೇಶಗಳಲ್ಲಿದ್ದ ಸೈನಿಕರ ಮತಗಳು ಬಂದು ಸೇರಬೇಕಿದ್ದರಿಂದ ಫಲಿತಾಂಶಕ್ಕೆ ಜುಲೈ 26ರವರೆಗೆ ಕಾಯಬೇಕಾಯಿತು. ಆ ನಡುವೆ ಯುದ್ಧ ಗೆದ್ದ ರಾಷ್ಟ್ರಗಳ ನಾಯಕರ ಪಾಟ್ಸ್‌ಡ್ಯಾಮ್ ಸಮ್ಮೇಳನ ಶುರುವಾಗಿತ್ತು. ಪ್ರಧಾನಿ ಚರ್ಚಿಲ್ ಅವರ ಜೊತೆಗೆ ಲೇಬರ್ ಪಕ್ಷದ ನಾಯಕ ಅಟ್ಲಿಯೂ ಹೋಗಿದ್ದರು. ಫಲಿತಾಂಶಕ್ಕೆಂದು ಇಬ್ಬರೂ ಲಂಡನ್ನಿಗೆ ಬಂದರು. ಸ್ಟಾಲಿನ್ ಮತ್ತು ಟ್ರೂಮನ್ ಎದುರು ಬ್ರಿಟನ್ನಿನ ಪ್ರಧಾನಿಯಾಗಿ ಮತ್ತೆ ಹೋಗಿ ಕುಳಿತವರು ಅಟ್ಲಿ! ಲೇಬರ್ ಪಕ್ಷ 393 ಸ್ಥಾನ ಗೆದ್ದಿತ್ತು. ಗೆದ್ದ ದಿನ ಸಂಜೆ ಅವರನ್ನು ತಮ್ಮ ಪುಟ್ಟ ಕಾರಿನಲ್ಲಿ ಅರಮನೆಗೆ ಕರೆದುಕೊಂಡು ಹೋದವರು ಪತ್ನಿ ವಯಲೆಟ್.

ಅಟ್ಲಿ ಬಡವರ ಮನೆಯಲ್ಲಿ ಹುಟ್ಟಿದವರಲ್ಲ. 1883ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಜನನ, ತಂದೆ ವಕೀಲರು, ಓದಿದ್ದು ಆಕ್ಸ್‌ಫರ್ಡ್‌ನಲ್ಲಿ. ಅವರೂ ವಕೀಲಿಕೆಗೆ ಇಳಿದರು, ಆದರೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. 1905ರಲ್ಲಿ ಪೂರ್ವ ಲಂಡನ್ನಿನ ಬಡ ಬಡಾವಣೆ ಸ್ಟೆಪ್ನಿಯ ದುಡಿಯುವ ಹುಡುಗರಿಗಾಗಿ ನಡೆಯುತ್ತಿದ್ದ ಒಂದು ಕ್ಲಬ್ಬಿಗೆ ಬಂದರು. ಸುಮ್ಮನೆ ನೋಡಿಹೋಗಲು ಬಂದವರು ಮುಂದೆ ಅದರ ವ್ಯವಸ್ಥಾಪಕರಾಗಿ ಅಲ್ಲೇ ವಾಸಕ್ಕೆ ನಿಂತರು. ಒಂದು ದಿನ ಬೀದಿಯಲ್ಲಿ ಜೊತೆಗೆ ನಡೆಯುತ್ತಿದ್ದ ಪುಟ್ಟ ಹುಡುಗಿ ಎಲ್ಲಿಗೆ ಹೊರಟಿರಿ ಎಂದು ಕೇಳಿದಳಂತೆ. ಮನೆಗೆ, ಚಹಾಕ್ಕೆ ಎಂದರು ಅಟ್ಲಿ. ನಾನೂ ಮನೆಗೇ ಹೊರಟಿದ್ದೇನೆ, ಚಹಾ ಇದೆಯೋ ಇಲ್ಲವೋ ನೋಡಲು ಎಂದಳು ಆ ಮಗು. ಇಲ್ಲಿ ಚಹಾ ಎಂದರೆ ಬರೀ ಒಂದು ಲೋಟ ಚಹಾ ಅಲ್ಲ, ಸಂಜೆಯ ಊಟ. ಈ ಮಾತನ್ನು ಅಟ್ಲಿ ಜೀವನಪೂರ್ತಿ ಮರೆಯಲಿಲ್ಲ.

ನನಗೆ ತುಂಬಾ ಇಷ್ಟವಾಗುವ ಸಂಗತಿ 1911ರದು. ಲಾಯ್ಡ್ ಜಾರ್ಜ್ ಅವರು ತಂದ ರಾಷ್ಟ್ರೀಯ ವಿಮೆ ಕಾಯ್ದೆಯನ್ನು ಜನರಿಗೆ ತಿಳಿಹೇಳಲು ಸರ್ಕಾರ ಕೆಲವರನ್ನು ನೇಮಿಸಿಕೊಂಡಿತ್ತು. ಅವರಲ್ಲಿ ಅಟ್ಲಿಯೂ ಒಬ್ಬರು. ಸೈಕಲ್ ಏರಿ ಹಳ್ಳಿ ಹಳ್ಳಿ ಸುತ್ತುತ್ತ, ಕಾಯಿಲೆ ಬಿದ್ದರೆ ಎಷ್ಟು ಹಣ ಬರುತ್ತದೆ, ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. ಆ ಕಾಯ್ದೆಯಿಂದ ಹೊರಗುಳಿದಿದ್ದವರು ಬಹಳ ಮಂದಿ. 1946ರ ಹೊಸ ವಿಮೆ ಕಾಯ್ದೆ ಬಂದದ್ದು ಇದೇ ಮನುಷ್ಯನ ಸರ್ಕಾರದಿಂದ. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಅದನ್ನು ಕಟ್ಟಿದವರು ಗಣಿ ಕಾರ್ಮಿಕರ ಮನೆಯ ಆರೋಗ್ಯ ಸಚಿವ ಅನ್ಯೂರಿನ್ ಬೆವನ್. ಯುದ್ಧದ ಸಾಲದಲ್ಲಿ ಮುಳುಗಿದ್ದ, ಬ್ರೆಡ್ಡಿಗೂ ಪಡಿತರ ಚೀಟಿ ಹಿಡಿಯುತ್ತಿದ್ದ ದೇಶ ಇಷ್ಟನ್ನು ಮಾಡಿತು ಎಂಬುದನ್ನು ಯೋಚಿಸಿ ನೋಡಿ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. 1928ರ ಫೆಬ್ರವರಿಯಲ್ಲಿ ಮುಂಬೈಗೆ ಬಂದಿಳಿದ ಸೈಮನ್ ಆಯೋಗದ ಏಳು ಸದಸ್ಯರಲ್ಲಿ ಅಟ್ಲಿ ಒಬ್ಬರು. ಭಾರತದ ಭವಿಷ್ಯ ನಿರ್ಧರಿಸುವ ಆಯೋಗದಲ್ಲಿ ಒಬ್ಬನೇ ಒಬ್ಬ ಭಾರತೀಯನಿರಲಿಲ್ಲ. ಹೋದಲ್ಲೆಲ್ಲ ಕಪ್ಪು ಬಾವುಟ. ಲಾಹೋರಿನ ಪ್ರತಿಭಟನೆಯಲ್ಲಿ ಲಾಠಿ ಏಟು ತಿಂದ ಲಾಲಾ ಲಜಪತ್ ರಾಯ್ ಕೆಲವೇ ವಾರಗಳಲ್ಲಿ ತೀರಿಕೊಂಡರು. ಆ ಪ್ರವಾಸದಿಂದಾಗಿಯೇ ಅಟ್ಲಿ ಅವರಿಗೆ ಭಾರತದ ವಿಷಯ ಉಳಿದ ನಾಯಕರಿಗಿಂತ ಚೆನ್ನಾಗಿ ತಿಳಿದಿತ್ತು ಎನ್ನುತ್ತಾರೆ. ಸ್ವಾತಂತ್ರ್ಯ ಕೊಡಲೇಬೇಕೆಂಬ ಅವರ ನಿಲುವು ಪ್ರಾಮಾಣಿಕವಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೊಟ್ಟ ರೀತಿ? 1948ರ ಜೂನ್ ಒಳಗೆ ಅಧಿಕಾರ ಹಸ್ತಾಂತರ ಎಂದು 1947ರ ಫೆಬ್ರವರಿ 20ರಂದು ಘೋಷಿಸಿದರು. ಮೌಂಟ್‌ಬ್ಯಾಟನ್ ಬಂದ ಮೇಲೆ ಅದೂ ಆಗಸ್ಟ್ 15ಕ್ಕೆ ಓಡಿಬಂತು. ಅದಕ್ಕೆ ಮೊದಲು ಭಾರತಕ್ಕೆ ಕಾಲಿಟ್ಟಿರದ ಬ್ರಿಟಿಷ್ ವಕೀಲ ರ‍್ಯಾಡ್‌ಕ್ಲಿಫ್ ಜುಲೈ 8ರಂದು ಬಂದು, ಐದೇ ವಾರಗಳಲ್ಲಿ ಪಂಜಾಬ್ ಮತ್ತು ಬಂಗಾಳದ ಮೇಲೆ ಗಡಿ ಎಳೆದರು. ಗಡಿ ಎಲ್ಲಿದೆ ಎಂದು ಜನರಿಗೆ ತಿಳಿದದ್ದು ಸ್ವಾತಂತ್ರ್ಯ ಬಂದ ಎರಡು ದಿನಗಳ ನಂತರ! ಒಂದು ಮಗುವಿನ ಚಹಾದ ಮಾತನ್ನು ಜೀವನಪೂರ್ತಿ ನೆನಪಿಟ್ಟುಕೊಂಡವರು ಆ ಅವಸರವನ್ನು ತಡೆಯಬಹುದಿತ್ತು. ದಂಗೆಗಳು ಕೈಮೀರುತ್ತಿದ್ದವು, ಬ್ರಿಟನ್ನಿನ ಬಳಿ ಸೇನೆಯೂ ಇರಲಿಲ್ಲ, ಹಣವೂ ಇರಲಿಲ್ಲ ಎಂಬ ವಾದ ನನಗೆ ಗೊತ್ತು. ಲಕ್ಷಾಂತರ ಸಾವುಗಳ ಮುಂದೆ ಅದು ನನಗೆ ಸಾಲದು.

1951ರಲ್ಲಿ ಕನ್ನಡಕ ಮತ್ತು ಹಲ್ಲಿನ ಸೆಟ್ಟಿಗೆ ಶುಲ್ಕ ಹಾಕುವ ವಿಚಾರದಲ್ಲಿ ಸಚಿವ ಸಂಪುಟ ಒಡೆಯಿತು. ಅಟ್ಲಿ ಆಗ ಹೊಟ್ಟೆಯ ಹುಣ್ಣಿನಿಂದ ಆಸ್ಪತ್ರೆಯಲ್ಲಿದ್ದರು. ಬೆವನ್ ರಾಜೀನಾಮೆ ಕೊಟ್ಟರು, ಅವರ ಜೊತೆಗೆ ತರುಣ ಸಚಿವ ಹೆರಾಲ್ಡ್ ವಿಲ್ಸನ್ ಕೂಡ. ಅದೇ ವರ್ಷ ಅಕ್ಟೋಬರ್‌ನ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷಕ್ಕಿಂತ ಹೆಚ್ಚು ಮತ ಪಡೆದೂ ಲೇಬರ್ ಸೋತಿತು. ಪ್ರಧಾನಿಯಾಗಿ ಮರಳಿದ ಚರ್ಚಿಲ್ ಆರೋಗ್ಯ ಸೇವೆಯನ್ನು ಮುಂದುವರಿಸಿದರು.

ಆ ವಿಲ್ಸನ್ ಮುಂದೆ 1964ರಲ್ಲಿ ತಾವೇ ಪ್ರಧಾನಿಯಾದರು. ಅಟ್ಲಿ ಅವರ ಈ ಪ್ರತಿಮೆ ಮೊದಲಿದ್ದದ್ದು ಲೈಮ್‌ಹೌಸ್ ಗ್ರಂಥಾಲಯದ ಎದುರು. 1988ರಲ್ಲಿ ಅದನ್ನು ಅನಾವರಣ ಮಾಡಿದವರೂ ವಿಲ್ಸನ್ ಅವರೇ. ಮುಂದಿನ ವಿಡಿಯೊದಲ್ಲಿ ವಿಲ್ಸನ್ ಹುಟ್ಟಿದ ಹಡರ್ಸ್‌ಫೀಲ್ಡ್‌ಗೆ ಹೋಗೋಣ.