ಹೋಯಾ ಬಳ್ಳಿಗೆ ಕತ್ತರಿ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ. ಅಂಗಳವಿಲ್ಲದ ಮನೆಯಲ್ಲಿ ಯಾವ ಹೂಬಳ್ಳಿ ಬೆಳೆಸಬಹುದು ಎಂದು ಕೇಳುವವರಿಗೆ ನಾನು ಹೇಳುವ ಹೆಸರು ಹೋಯಾ. ವರ್ಷವಿಡೀ ಹಸಿರಾಗಿರುವ, ದಪ್ಪ ಎಲೆಯ ಬಳ್ಳಿ. ಮೇಣದ ಹೊಳಪಿನ ಪುಟ್ಟ ನಕ್ಷತ್ರಗಳು ಗೊಂಚಲಾಗಿ ತೂಗುತ್ತವೆ. ಕತ್ತಲಾದ ಮೇಲೆ ಪರಿಮಳ ಹೆಚ್ಚು. ನಮ್ಮ ಪಶ್ಚಿಮ ಘಟ್ಟದಲ್ಲೂ ಇದರ ಬಂಧುಗಳು ಮರವನ್ನೇರಿ ಬೆಳೆಯುತ್ತವೆ. ಇದಕ್ಕೆ ನೀವು ಮಾಡಬೇಕಾದ ಉಪಕಾರ ಒಂದೇ: ಹೂ ಉದುರಿದ ಮೇಲೆ ಉಳಿಯುವ ತೊಟ್ಟನ್ನು ಕತ್ತರಿಸಬೇಡಿ. ಮುಂದಿನ ಹೂ ಬರುವುದು ಅದೇ ತೊಟ್ಟಿನಲ್ಲಿ.

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಮಲ್ಲಿಗೆ ಬೆಳೆಸುವುದರಲ್ಲಿ ಪಳಗಿದ ಕೈ. ಮಲ್ಲಿಗೆಯನ್ನು ಸವರಿದರೆ ಹೊಸ ಚಿಗುರೊಡೆದು ಮೊಗ್ಗು ಬಿಡುತ್ತದಲ್ಲ, ಹೋಯಾಕ್ಕೂ ಅದೇ ಪಾಠ ಮಾಡಿದರು. "ಒಂದು ಸಲ ಹೂ ಬಿಟ್ಟು ಮುನಿಸಿಕೊಂಡಿದೆ, ಯಾವ ಗೊಬ್ಬರ ಹಾಕಲಿ?" ಎಂದು ನನ್ನನ್ನು ಕರೆದರು. ಹೋಗಿ ನೋಡಿದರೆ ಗೆಣ್ಣುಗಳ ಬಳಿ ಒಣಗಿದ ಗಾಯಗಳು. ತೊಟ್ಟುಗಳೆಲ್ಲ ಬುಡಸಮೇತ ಮಾಯ. ಎಲೆಯಿಲ್ಲದೆ ಚಾಚಿಕೊಂಡ ಉದ್ದನೆಯ ಕುಡಿಗಳನ್ನೂ ಬಿಟ್ಟಿರಲಿಲ್ಲ. ಆ ಕುಡಿಯಲ್ಲಿ ಎಲೆ ತಡವಾಗಿ ಮೂಡುತ್ತದೆ, ಹೂವೂ ಅಲ್ಲೇ ಎಂದೆ. ಮೇಷ್ಟ್ರು ನಂಬಬೇಕಲ್ಲ! ಆಗ ಅವರ ಮನೆಯವರು ನಮ್ಮನ್ನು ಅಡುಗೆಮನೆಯ ಕಿಟಕಿಗೆ ಕರೆದೊಯ್ದರು. ಮೇಷ್ಟ್ರು ಎಂದೋ ಕತ್ತರಿಸಿ ಎಸೆದಿದ್ದ ತುಂಡು ಎಣ್ಣೆಯ ಡಬ್ಬಿಯಲ್ಲಿ ಬೇರೂರಿ ಸರಳಿಗೆ ಸುತ್ತಿಕೊಂಡಿತ್ತು. ಗಿಡ್ಡನೆಯ ತೊಟ್ಟಿನ ಮೇಲೆ ಹಳೆಯ ಹೂಗಳು ಉದುರಿದ ಗುರುತು, ತುದಿಯಲ್ಲಿ ರಾಗಿಕಾಳಿನಷ್ಟು ಹೊಸ ಮೊಗ್ಗುಗಳು. ಮೇಷ್ಟ್ರು ಕನ್ನಡಕ ಏರಿಸಿ, "ಇದಕ್ಕೆ ಏನು ಹಾಕಿದೆ?" ಎಂದರು. "ನಿಮ್ಮ ಕೈಗೆ ಸಿಗದ ಹಾಗೆ ಇಟ್ಟೆ, ಅಷ್ಟೇ."

ಸಮಯವಾಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೆಳಗಿನ ಎಳೆಬಿಸಿಲು ಬೀಳುವ ಕಿಟಕಿ ಇರಲಿ. ಕುಂಡ ಚಿಕ್ಕದೇ ಸಾಕು. ಮಣ್ಣಿಗೆ ತೆಂಗಿನ ನಾರು, ಇದ್ದಿಲಿನ ಚೂರು ಬೆರೆಸಿ, ನೀರು ನಿಲ್ಲಬಾರದು. ಮಣ್ಣು ಒಣಗಿದ ಮೇಲೆಯೇ ನೀರು. ದಿನಾ ಪ್ರೀತಿಯಿಂದ ಒಂದು ಚೊಂಬು ಸುರಿಯುತ್ತೇನೆ ಎನ್ನುವವರು ದಯವಿಟ್ಟು ಬೇರೆ ಗಿಡ ನೋಡಿಕೊಳ್ಳಿ, ಇದರ ಬೇರು ಕೊಳೆಯುತ್ತದೆ. ಹಿಟ್ಟುತಿಗಣೆ ಕಂಡರೆ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬಳ್ಳಿ ಉದ್ದವಾಯಿತೇ? ತಂತಿಯ ಬಳೆಗೆ ಸುತ್ತಿ. ಕತ್ತರಿ ಮಾತ್ರ ಬೇಡ. ಮೊಗ್ಗು ಕಂಡ ಮೇಲೆ ನೆಂಟರಿಗೆ ತೋರಿಸಲೆಂದು ಕುಂಡವನ್ನು ನಡುಮನೆಗೆ ತರಬೇಡಿ. ಮೊಗ್ಗು ಉದುರೀತು, ನೆಂಟರನ್ನೇ ಕಿಟಕಿಯ ಬಳಿಗೆ ಕರೆಯಿರಿ. ನಮಸ್ಕಾರ.