ಹೆಲ್ಮೆಟ್‌ನ ಕಪ್ಪು ಗ್ಲಾಸ್: ಕಾನೂನು ಎಲ್ಲಿ ಮಾತನಾಡುತ್ತದೆ, ಎಲ್ಲಿ ಸುಮ್ಮನಿದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹೆಲ್ಮೆಟ್‌ನ ಮುಂಭಾಗದಲ್ಲಿ ಮೇಲೆ ಕೆಳಗೆ ಸರಿಯುವ ಪಾರದರ್ಶಕ ಹಾಳೆಗೆ ವೈಸರ್ ಎನ್ನುತ್ತಾರೆ; ಅಂಗಡಿಗಳಲ್ಲಿ ಅದು ಬರೀ ಗ್ಲಾಸ್. ನಿಜದಲ್ಲಿ ಅದು ಗಾಜಲ್ಲ, ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಈ ಗ್ಲಾಸ್ ಕಪ್ಪಾಗಿದ್ದರೆ ಕಾನೂನಿನ ಪ್ರಕಾರ ತಪ್ಪೇ ಎಂದು ಸವಾರರು ಮತ್ತೆ ಮತ್ತೆ ಕೇಳುತ್ತಾರೆ. ಕಾರಿಗೆ ಇಲ್ಲದ ರಿಯಾಯಿತಿ ಬೈಕಿಗೆ ಎಲ್ಲಿಂದ ಬಂತು ಎಂದು ಒಬ್ಬರು ಹೇಳಿದರೆ, ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವುದನ್ನು ಹಾಕಿಕೊಂಡರೆ ತಪ್ಪು ಹೇಗಾದೀತು ಎಂದು ಇನ್ನೊಬ್ಬರು ವಾದಿಸುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಷ್ಟೇ ಇರುವುದರಿಂದ, ಇಂದು ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ದೇಶದಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಿರುವುದು 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್. 2019ರ ತಿದ್ದುಪಡಿಯ ನಂತರ, ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರೂ, ಓಡಿಸುವವರಿರಲಿ ಹಿಂಬದಿ ಸವಾರರಿರಲಿ, ಸರ್ಕಾರ ಗೊತ್ತುಪಡಿಸಿದ ಗುಣಮಟ್ಟದ ಹೆಲ್ಮೆಟ್ ಧರಿಸಬೇಕು. ಪೇಟ ಧರಿಸಿದ ಸಿಖ್ಖರಿಗೆ ಮಾತ್ರ ವಿನಾಯಿತಿ ಉಂಟು. ಹೆಲ್ಮೆಟ್ ಎಂದರೆ ಏನು ಎಂಬುದನ್ನೂ ಅದೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ: ಆಕಾರ, ವಸ್ತು ಮತ್ತು ರಚನೆಯಿಂದ ಅಪಘಾತದ ಹೊತ್ತಿನಲ್ಲಿ ತಲೆಗೆ ರಕ್ಷಣೆ ಕೊಡುವಂತಿರಬೇಕು, ಪಟ್ಟಿಯಿಂದ ಭದ್ರವಾಗಿ ಬಿಗಿದಿರಬೇಕು. ಇದನ್ನು ಮೀರಿದವರಿಗೆ 194ಡಿ ಸೆಕ್ಷನ್ 1000 ರೂಪಾಯಿ ದಂಡವನ್ನೂ ಮೂರು ತಿಂಗಳ ಲೈಸೆನ್ಸ್ ಅನರ್ಹತೆಯನ್ನೂ ವಿಧಿಸುತ್ತದೆ. ಈ ಎರಡೂ ಸೆಕ್ಷನ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ವೈಸರ್‌ನ ಬಣ್ಣದ ಬಗ್ಗೆ ಒಂದು ಮಾತೂ ಸಿಗುವುದಿಲ್ಲ. ಕಾಯ್ದೆ ತಲೆಬುರುಡೆಯ ಚಿಂತೆ ಮಾಡಿದೆ, ಕಣ್ಣಿನ ಚಿಂತೆಯನ್ನು ಅಲ್ಲಿ ಮಾಡಿಲ್ಲ.

ಹಾಗಾದರೆ ಗಾಜಿನ ಮೂಲಕ ಇಷ್ಟು ಬೆಳಕು ಹಾಯಲೇಬೇಕು ಎಂದು ಜನ ಹೇಳುವ ಶೇಕಡಾ 70, ಶೇಕಡಾ 50 ಎಂಬ ಲೆಕ್ಕ ಎಲ್ಲಿಂದ ಬಂತು? ಅದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ್ದು. ವಾಹನದ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇಕಡಾ 70ರಷ್ಟು, ಪಕ್ಕದ ಕಿಟಕಿಗಳ ಮೂಲಕ ಕನಿಷ್ಠ ಶೇಕಡಾ 50ರಷ್ಟು ಬೆಳಕು ಹಾಯಬೇಕು ಎಂದು ಅದು ಹೇಳುತ್ತದೆ. ಅಭಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ಕಾರಿನ ಗಾಜುಗಳಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿದ್ದೂ ಇದೇ ನಿಯಮದ ಆಧಾರದ ಮೇಲೆ. ಆ ದಿನಗಳಲ್ಲಿ ರಸ್ತೆ ಬದಿಯಲ್ಲೇ ಕಾರು ನಿಲ್ಲಿಸಿ ಪೊಲೀಸರು ಫಿಲ್ಮ್ ಕಿತ್ತು ಹಾಕಿಸುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಆದರೆ 100ನೇ ನಿಯಮ ವಾಹನದ ಗಾಜಿನ ಕುರಿತದ್ದು. ಹೆಲ್ಮೆಟ್ ವಾಹನದ ಭಾಗವಲ್ಲ, ಸವಾರರು ತೊಡುವ ರಕ್ಷಣಾ ಸಾಧನ. ಹಾಗಾಗಿ ಕಾರಿನ ಲೆಕ್ಕವನ್ನು ಎತ್ತಿ ವೈಸರ್ ಮೇಲೆ ಇಡಲು ಬರುವುದಿಲ್ಲ.

ಇನ್ನು ಉಳಿದದ್ದು ಗುಣಮಟ್ಟದ ದಾರಿ. ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ಭಾರತೀಯ ಮಾನಕ ಬ್ಯೂರೋ ರೂಪಿಸಿರುವ ಮಾನದಂಡದ ಸಂಖ್ಯೆ ಐಎಸ್ 4151. ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶದಂತೆ, 2021ರ ಜೂನ್ 1ರಿಂದ ಐಎಸ್ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ನಿಷಿದ್ಧ. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಆ ಗುರುತಿನ ಹೆಲ್ಮೆಟ್ ಕೊಂಡ ಒಂದೆರಡು ತಿಂಗಳಿಗೆ ಅದರ ತಿಳಿ ವೈಸರ್ ತೆಗೆದು, ಬೀದಿ ಬದಿಯಲ್ಲಿ ನೇತುಹಾಕಿರುವ ಸ್ಮೋಕ್ ಗ್ಲಾಸನ್ನೋ, ಕನ್ನಡಿಯಂತೆ ಹೊಳೆಯುವ ನೀಲಿ, ಕೇಸರಿ ಗ್ಲಾಸನ್ನೋ ಹಾಕಿಸಿಕೊಂಡರೆ, ಹೆಲ್ಮೆಟ್ ಹಿಂಬದಿಯ ಐಎಸ್ಐ ಗುರುತು ಹಾಗೆಯೇ ಉಳಿದಿರುತ್ತದೆ. ತಪಾಸಣೆಗೆ ನಿಂತ ಪೊಲೀಸರು ನೋಡುವುದು ಆ ಗುರುತನ್ನು. ಪರೀಕ್ಷೆಗೆ ಒಳಪಟ್ಟ ಹೆಲ್ಮೆಟ್ ಬೇರೆ, ರಸ್ತೆಯಲ್ಲಿ ಓಡುತ್ತಿರುವ ಹೆಲ್ಮೆಟ್ ಬೇರೆ ಆಗಿಬಿಟ್ಟಿರುತ್ತದೆ.

ಅಂದ ಮಾತ್ರಕ್ಕೆ ಕಪ್ಪು ವೈಸರ್‌ಗೆ ಕಾನೂನಿನ ಒಪ್ಪಿಗೆ ಇದೆ ಎಂದು ಭಾವಿಸುವುದು ಸರಿಯಲ್ಲ. ರಾತ್ರಿ ಕಪ್ಪು ಗ್ಲಾಸ್ ಇಳಿಸಿಕೊಂಡು ಹೋಗಿ ಯಾರಿಗಾದರೂ ಗುದ್ದಿದರೆ, ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ನಿನ ದುಡುಕಿನ ಮತ್ತು ನಿರ್ಲಕ್ಷ್ಯದ ಚಾಲನೆಯ ಪ್ರಶ್ನೆ ಏಳಬಹುದು. ಪೆಟ್ಟು ತಿಂದವರು ಸ್ವತಃ ಸವಾರರೇ ಆಗಿದ್ದರೆ, ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಿಮ್ಮದೂ ತಪ್ಪಿದೆಯಲ್ಲ ಎಂದು ವಿಮಾ ಕಂಪನಿಯ ವಕೀಲರು ವಾದಿಸಬಹುದು. ಇದಕ್ಕಿಂತ ಮುಖ್ಯವಾಗಿ, ಲೈಸೆನ್ಸ್‌ಗೆ ಅರ್ಜಿ ಹಾಕುವಾಗ ನಾವೆಲ್ಲ ಸಹಿ ಹಾಕುವ ‘ನಮೂನೆ 1’ ಎಂಬ ಘೋಷಣಾ ಪತ್ರವನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲಿರಾ, ಇರುಳುಗುರುಡು ಇದೆಯೇ ಎಂದು ಅದು ಕೇಳುತ್ತದೆ. ಇರುಳುಗುರುಡಿಲ್ಲ ಎಂದು ಬರೆದುಕೊಟ್ಟು ಲೈಸೆನ್ಸ್ ಪಡೆದವರು, ಆಮೇಲೆ ಕೆಲವು ನೂರು ರೂಪಾಯಿ ಕೊಟ್ಟು ಅದನ್ನು ತಾವಾಗಿ ತಂದುಕೊಳ್ಳುವುದು ನನಗೆ ಬಹಳ ಸಂಕಟ ತರುವ ಸಂಗತಿ.

ಕಾನೂನು ಸ್ಪಷ್ಟವಾಗಿ ಮಾತನಾಡಿರುವ ದೇಶ ಬ್ರಿಟನ್. ಅಲ್ಲಿ 1988ರ ರಸ್ತೆ ಸಂಚಾರ ಕಾಯ್ದೆಯ 18ನೇ ಸೆಕ್ಷನ್ ಮೋಟಾರ್‌ಸೈಕಲ್ ಸವಾರರು ಬಳಸುವ ಕಣ್ಣಿನ ರಕ್ಷಣಾ ಸಾಧನಗಳ ಬಗೆಗಿನದು. ಅದರಡಿ 1999ರಲ್ಲಿ ಪ್ರತ್ಯೇಕ ನಿಯಮಾವಳಿಯೇ ಬಂದಿದೆ. ಅಲ್ಲಿ ವೈಸರ್ ಹಾಕಲೇಬೇಕೆಂಬ ಕಡ್ಡಾಯವಿಲ್ಲ, ಆದರೆ ಹಾಕಿಕೊಂಡರೆ ಅದು ಬ್ರಿಟಿಷ್ ಮಾನದಂಡ ಬಿಎಸ್ 4110ಕ್ಕೋ, ಯುರೋಪಿನಲ್ಲಿ ಚಾಲ್ತಿಯಲ್ಲಿರುವ ವಿಶ್ವಸಂಸ್ಥೆಯ 22ನೇ ನಿಯಮಕ್ಕೋ ಹೊಂದಿರಬೇಕು. ಆ 22ನೇ ನಿಯಮದ ಐದನೇ ಸರಣಿಯ ಲೆಕ್ಕ ಹೀಗಿದೆ: ತಿಳಿ ವೈಸರ್ ಕನಿಷ್ಠ ಶೇಕಡಾ 80ರಷ್ಟು ಬೆಳಕನ್ನು ಒಳಬಿಡಬೇಕು, ಶೇಕಡಾ 50ರಿಂದ 80ರ ನಡುವೆ ಇದ್ದರೆ ಅದರ ಮೇಲೆ ಹಗಲಿನ ಬಳಕೆಗೆ ಮಾತ್ರ ಎಂಬ ಗುರುತು ಇರಬೇಕು. 50ಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರನ್ನು ಬ್ರಿಟನ್ನಿನ ರಸ್ತೆಯಲ್ಲಿ ಹಗಲಿನಲ್ಲೂ ಬಳಸುವಂತಿಲ್ಲ. ಅಂತಹ ಗಾಢ ವೈಸರ್‌ಗಳನ್ನು ಅಲ್ಲಿನ ಅಂಗಡಿಗಳಲ್ಲೂ ಮಾರುತ್ತಾರೆ, ಆದರೆ ರೇಸ್ ಟ್ರ್ಯಾಕಿಗೆ ಮಾತ್ರ, ರಸ್ತೆಗಲ್ಲ ಎಂಬ ಚೀಟಿ ಅಂಟಿಸಿ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮವಿದೆ, ಆ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಯುರೋಪಿನಿಂದ ಬಂದ ಹೆಲ್ಮೆಟ್ ನಿಮ್ಮ ಮನೆಯಲ್ಲಿದ್ದರೆ, ಅದರ ವೈಸರ್ ಕಳಚಿ, ಹೆಲ್ಮೆಟ್‌ಗೆ ಕೂರುವ ಮೂಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಉಗುರಿನಷ್ಟು ಜಾಗದಲ್ಲಿ ವೃತ್ತದೊಳಗೆ ಇಂಗ್ಲಿಷಿನ ‘E’ ಅಕ್ಷರ ಮತ್ತು ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಸಂಖ್ಯೆ 1 ಆದರೆ ಜರ್ಮನಿಯಲ್ಲಿ, 3 ಆದರೆ ಇಟಲಿಯಲ್ಲಿ, 11 ಆದರೆ ಬ್ರಿಟನ್ನಿನಲ್ಲಿ ಮಾನ್ಯತೆ ಪಡೆದದ್ದು ಎಂದು ಅರ್ಥ. ಬಣ್ಣದ ವೈಸರ್ ಆದರೆ ಹಗಲಿಗೆ ಮಾತ್ರ ಎಂಬ ಎಚ್ಚರಿಕೆಯೂ ಅಲ್ಲೇ ಇರುತ್ತದೆ. ಅಷ್ಟು ಪುಟ್ಟ ಅಚ್ಚು ಇರುವುದರಿಂದ ಪೊಲೀಸರಿಗೂ ಸವಾರರಿಗೂ ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ. ಗುರುತು ಇದೆಯೋ ಇಲ್ಲವೋ, ಹೊತ್ತು ಹಗಲೋ ರಾತ್ರಿಯೋ, ಇಷ್ಟು ನೋಡಿದರೆ ಸಾಕು.

ಹಗಲಿಗೂ ರಾತ್ರಿಗೂ ಇಷ್ಟು ಭೇದ ಮಾಡಿರುವುದಕ್ಕೆ ಕಾರಣ ಕಣ್ಣಿನ ಸ್ವಭಾವದಲ್ಲಿದೆ. ನಡುಹಗಲಿನ ಬಿಸಿಲಿನಲ್ಲಿ ನೆಲದ ಮೇಲೆ ಬೀಳುವ ಬೆಳಕು, ಬೆಳಕನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ, ಸುಮಾರು ಒಂದು ಲಕ್ಷ. ಒಳ್ಳೆಯ ಬೀದಿದೀಪಗಳಿರುವ ರಸ್ತೆಯಲ್ಲಿ ರಾತ್ರಿ ಸಿಗುವುದು ಹತ್ತು, ಇಪ್ಪತ್ತು, ಹೆಚ್ಚೆಂದರೆ ಮೂವತ್ತು ಲಕ್ಸ್. ಒಂದು ಲಕ್ಷದಲ್ಲಿ ಅರ್ಧ ಹೋದರೂ ಐವತ್ತು ಸಾವಿರ ಉಳಿಯುತ್ತದೆ, ಕಣ್ಣಿಗೆ ಹಾಯೆನಿಸುತ್ತದೆ. ಹತ್ತರಲ್ಲಿ ಅರ್ಧ ಹೋದರೆ ಕಪ್ಪು ಬಟ್ಟೆ ತೊಟ್ಟು ರಸ್ತೆ ದಾಟುವವರು ಹಿನ್ನೆಲೆಯಲ್ಲಿ ಕರಗಿಹೋಗುತ್ತಾರೆ. ತೊಂದರೆಯೆಂದರೆ, ಕಣ್ಣು ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುತ್ತಲೇ ಇರುವುದರಿಂದ ಎಷ್ಟು ಬೆಳಕು ಕಡಿಮೆಯಾಯಿತೆಂಬುದು ನಮಗೆ ಅರಿವಾಗುವುದಿಲ್ಲ. ನನಗೆ ಚೆನ್ನಾಗಿಯೇ ಕಾಣುತ್ತದೆ ಎಂದು ಸವಾರರು ಹೇಳುವುದು ಸುಳ್ಳಲ್ಲ. ಅವರಿಗೆ ಕಾಣುತ್ತಿರುವುದು ಚೆನ್ನಾಗಿಯೇ ಕಾಣುತ್ತಿರುತ್ತದೆ, ಕಾಣದೆ ಉಳಿದದ್ದರ ಲೆಕ್ಕ ಅವರಿಗೆ ಸಿಗುವುದಿಲ್ಲ.

ಇದಕ್ಕೆ ಕೂಲಿಂಗ್ ಗ್ಲಾಸ್ ಸೇರಿದರೆ ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ. ಬಿಸಿಲಿಗೆಂದು ಹಾಕುವ ಸಾಮಾನ್ಯ ಗಾಢ ಕನ್ನಡಕ ಒಳಬಿಡುವುದು ಶೇಕಡಾ 8ರಿಂದ 18ರಷ್ಟು ಬೆಳಕನ್ನು ಮಾತ್ರ. ಶೇಕಡಾ 50ರ ವೈಸರ್ ಹಿಂದೆ ಶೇಕಡಾ 15ರ ಕನ್ನಡಕ ಇದ್ದರೆ ಕಣ್ಣಿಗೆ ತಲುಪುವುದು ಏಳೂವರೆ. ಶೇಕಡಾ 8ಕ್ಕಿಂತ ಕಡಿಮೆ ಬೆಳಕು ಬಿಡುವ ಕನ್ನಡಕ ಧರಿಸಿ ವಾಹನ ಓಡಿಸಬಾರದೆಂದು ಕನ್ನಡಕಗಳ ಅಂತರರಾಷ್ಟ್ರೀಯ ಮಾನದಂಡವೇ ಎಚ್ಚರಿಸುತ್ತದೆ. ಬೇರೆ ಬೇರೆಯಾಗಿ ನಿಯಮದೊಳಗೇ ಇರುವ ಎರಡು ವಸ್ತುಗಳು ಒಟ್ಟಾದಾಗ ಹೀಗೆ ಗಡಿ ದಾಟಿಬಿಡುತ್ತವೆ. ವಯಸ್ಸಾದವರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ; ಅರವತ್ತರ ಕಣ್ಣಿನೊಳಗೆ ಹೋಗುವ ಬೆಳಕು ಇಪ್ಪತ್ತರ ಕಣ್ಣಿಗಿಂತ ಎಷ್ಟೋ ಕಡಿಮೆ.

ಹಗಲು ರಾತ್ರಿ ಎಂಬ ವಿಂಗಡಣೆಯೂ ನಮ್ಮ ರಸ್ತೆಗಳಲ್ಲಿ ಪೂರ್ತಿ ಸಾಲುವುದಿಲ್ಲ. ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಿಂದ ಅಂಡರ್‌ಪಾಸಿಗೆ ಇಳಿಯುವವರು ಒಂದೆರಡು ಕ್ಷಣ ಏನೂ ಕಾಣದ ಸ್ಥಿತಿಗೆ ಬರುತ್ತಾರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ವಾಹನ ಹದಿನಾರು ಮೀಟರ್‌ಗೂ ಹೆಚ್ಚು ಮುಂದೆ ಹೋಗಿರುತ್ತದೆ. ಒಳಗೆ ನೀರು ನಿಂತಿದ್ದರೆ, ಕೆಟ್ಟು ನಿಂತ ಆಟೋ ಇದ್ದರೆ, ತಿಳಿ ಗ್ಲಾಸಿನ ಸವಾರರಿಗೇ ಅದು ಕಷ್ಟ. ಬಿಸಿಲಿನಿಂದ ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಂಡರ್‌ಪಾಸ್ ಅಷ್ಟು ಕಾಲ ಕೊಡುವುದಿಲ್ಲ. ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳಲ್ಲಿ ಮಳೆಗಾಲದ ಹಗಲೇ ಸಂಜೆಯಂತಿರುತ್ತದೆ. ದಟ್ಟ ಮರದ ನೆರಳು, ಮೇಲೆ ಮೋಡ, ಎದುರು ಮಂಜು. ಊರೂರಿನಲ್ಲೂ ಬಿಳಿ ಪಟ್ಟೆ ಅಳಿಸಿಹೋದ ಹಂಪ್‌ಗಳಿವೆ. ಡಾಂಬರಿನ ಬಣ್ಣದ ಹಂಪನ್ನು ಡಾಂಬರಿನ ಬಣ್ಣದ ರಸ್ತೆಯಲ್ಲಿ ಗುರುತಿಸಲು ಇರುವುದು ಸಣ್ಣದೊಂದು ನೆರಳಿನ ಗೆರೆ ಮಾತ್ರ, ಕಪ್ಪು ವೈಸರ್ ಮೊದಲು ನುಂಗುವುದೇ ಆ ಗೆರೆಯನ್ನು.

ನಮ್ಮ ಬಹುಪಾಲು ಸವಾರರ ದಿನಚರಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಹೊರಡುವಾಗ ಎದುರು ಬಿಸಿಲಿಗೆ ಕಪ್ಪು ಗ್ಲಾಸ್ ಹಿತವಾಗಿರುತ್ತದೆ, ರಾತ್ರಿ ಎಂಟಕ್ಕೆ ಮರಳುವಾಗಲೂ ತಲೆಯ ಮೇಲಿರುವುದು ಅದೇ ಹೆಲ್ಮೆಟ್. ಕೆಲವರು ಗ್ಲಾಸ್ ಮೇಲೆತ್ತಿಕೊಂಡು ಓಡಿಸುತ್ತಾರೆ. ಆಗ ಧೂಳು, ಹುಳ, ಮುಂದಿನ ಲಾರಿಯಿಂದ ಸಿಡಿದ ಜಲ್ಲಿಕಲ್ಲು ನೇರ ಕಣ್ಣಿಗೆ ಬರುತ್ತವೆ. ರಾತ್ರಿಗೆಂದು ಹಳದಿ ಗ್ಲಾಸ್ ಮಾರುವವರಿದ್ದಾರೆ; ಎದುರಿನ ಹೆಡ್‌ಲೈಟಿನ ಕುಕ್ಕು ಕಡಿಮೆಯಾದಂತೆ ಅನ್ನಿಸಿದರೂ ಅದೂ ಬೆಳಕನ್ನು ತಡೆಯುವ ಗ್ಲಾಸೇ. ಗೀರು ಬಿದ್ದ ಹಳೆಯ ತಿಳಿ ವೈಸರ್ ಬದಲಿಸಿದರೆ ಕುಕ್ಕು ನಿಜವಾಗಿ ಇಳಿಯುತ್ತದೆ. ಬಿಸಿಲಿಗೆ ತಾನಾಗಿ ಕಪ್ಪಾಗುವ ವೈಸರ್‌ಗಳೂ ಬಂದಿವೆ, ಆದರೆ ಅವು ಮತ್ತೆ ತಿಳಿಯಾಗಲು ಸಮಯ ಹಿಡಿಯುವುದರಿಂದ ಅಂಡರ್‌ಪಾಸಿನ ತೊಂದರೆ ಅವುಗಳಿಂದ ಪೂರ್ತಿ ನೀಗುವುದಿಲ್ಲ.

ಇನ್ನೊಂದು ಮಾತಿದೆ. ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಮುದುಕರೋ ಶಾಲೆಯ ಮಕ್ಕಳೋ ರಸ್ತೆ ದಾಟುವಾಗ ಬರುತ್ತಿರುವ ಸವಾರರ ಮುಖ ನೋಡುತ್ತಾರೆ. ನಮ್ಮನ್ನು ನೋಡಿದರೋ ಇಲ್ಲವೋ, ನಿಲ್ಲುತ್ತಾರೋ ಇಲ್ಲವೋ ಎಂದು ಅವರು ತೀರ್ಮಾನಿಸುವುದು ಕಣ್ಣಿನಿಂದಲೇ. ಕನ್ನಡಿ ಗ್ಲಾಸಿನ ಹಿಂದೆ ಕಣ್ಣು ಅಡಗಿದ್ದರೆ ಆ ಮೌನ ಸಂಭಾಷಣೆ ನಡೆಯುವುದಿಲ್ಲ. ಸರಗಳ್ಳತನದಂತಹ ಪ್ರಕರಣಗಳಲ್ಲಿ ಮುಖ ಕಾಣದ ಸವಾರರು ಪೊಲೀಸರಿಗೆ ತಲೆನೋವಾಗುವುದು ಇನ್ನೊಂದು ವಿಷಯ, ಆದರೆ ನನ್ನ ಮಟ್ಟಿಗೆ ರಸ್ತೆ ದಾಟುವವರ ಭರವಸೆಯೇ ದೊಡ್ಡದು.

ಆದ್ದರಿಂದ ರಸ್ತೆ ಸಾರಿಗೆ ಸಚಿವಾಲಯವೂ ಮಾನಕ ಬ್ಯೂರೋವೂ ಬಿಡಿಯಾಗಿ ಮಾರುವ ಪ್ರತಿ ವೈಸರ್ ಮೇಲೆ ಎಷ್ಟು ಬೆಳಕು ಹಾಯುತ್ತದೆ ಎಂಬ ಸಂಖ್ಯೆಯನ್ನು ಅಚ್ಚು ಹಾಕಿಸಬೇಕು, ಬಣ್ಣದ ವೈಸರ್ ಮೇಲೆ ಹಗಲಿಗೆ ಮಾತ್ರ ಎಂಬುದನ್ನು ಆಯಾ ರಾಜ್ಯದ ಭಾಷೆಯಲ್ಲೂ ಬರೆಸಬೇಕು, ಕಾರಿನ ಗಾಜಿಗೆ ಹಾಕಿದಂತೆ ಇದಕ್ಕೂ ಒಂದು ಕನಿಷ್ಠ ಮಿತಿಯನ್ನು ನಿಯಮದಲ್ಲೇ ಸೇರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಿನ ಚಾಲಕರ ಸುತ್ತ ಉಕ್ಕಿನ ಕವಚ ಇದೆ. ಸವಾರರಿಗೆ ಅಪಘಾತ ತಪ್ಪಿಸಿಕೊಳ್ಳಲು ಇರುವ ಮೊದಲ ಆಸರೆ ದೃಷ್ಟಿ. ಆ ದೃಷ್ಟಿಗೆ ಅಡ್ಡ ಬರುವ ಹಾಳೆಗೆ ಮಾತ್ರ ಮೋಟಾರು ವಾಹನ ನಿಯಮಗಳಲ್ಲಿ ಅಳತೆಯಿಲ್ಲ ಎನ್ನುವುದನ್ನು ಒಪ್ಪಲಾಗದು.

ಅಲ್ಲಿಯವರೆಗೆ, ಕಪ್ಪು ವೈಸರ್ ಇರುವವರು ಇಂದೇ ಸಂಜೆ ಒಂದು ಪರೀಕ್ಷೆ ಮಾಡಿ ನೋಡಬಹುದು. ದೀಪ ಹಚ್ಚುವ ಹೊತ್ತಿಗೆ ಮನೆಯ ಮುಂದೆ ನಿಂತು, ವೈಸರ್ ಇಳಿಸಿ, ಬೀದಿಯ ಆ ತುದಿಯಲ್ಲಿ ನಿಂತ ವಾಹನದ ನಂಬರ್ ಓದಲು ಪ್ರಯತ್ನಿಸಿ; ನಂತರ ವೈಸರ್ ಎತ್ತಿ ಓದಿ. ವ್ಯತ್ಯಾಸ ಕಂಡರೆ ನಿಮ್ಮ ಹೆಲ್ಮೆಟ್‌ನ ಮಾದರಿ ಹೇಳಿ ಅದೇ ಕಂಪನಿಯ ತಿಳಿ ವೈಸರ್ ತರಿಸಿಕೊಳ್ಳಿ. ಬಿಸಿಲು ತಡೆಯಲಾಗದವರು ಹೊಸ ಹೆಲ್ಮೆಟ್ ಕೊಳ್ಳುವಾಗ, ಹೊರಗೆ ತಿಳಿ ವೈಸರ್, ಒಳಗೆ ಬೆರಳಿನಿಂದ ಸರಿಸುವ ಪುಟ್ಟ ಕಪ್ಪು ವೈಸರ್ ಇರುವ ಮಾದರಿಯನ್ನು ಕೇಳಿ. ಅಂಡರ್‌ಪಾಸಿನ ಇಳಿಜಾರಿಗೆ ಬರುವ ಮುನ್ನವೇ ಅದನ್ನು ಮೇಲೆ ಸರಿಸಿಬಿಡಬಹುದು.

ನಮಸ್ಕಾರ.